ಪೇಟ್ರನ್ ಅಂದ್ರೆ ಗಿರಾಕಿನಾ, ಪೋಷಕನಾ?

ಲೈಬ್ರರಿ ರೂಲ್ಸ್‌ನಲ್ಲಿ 'ಪೇಟ್ರನ್ಸ್' ಅಂತ ಇತ್ತು, ಡಿಕ್ಷನರಿ ತೆಗೆದ್ರೆ 'ಪೋಷಕ, ಆಶ್ರಯದಾತ' ಅಂತ ಬಂತು, ನಾನೇನೂ ಲೈಬ್ರರಿಗೆ ದುಡ್ಡು ಕೊಟ್ಟಿಲ್ವಲ್ಲ ನಾನ್ಯಾವ ಸೀಮೆ ಪೋಷಕ ಅಂತ ಕೇಳಿದೀರ. ಅಲ್ಲಿ ಪೇಟ್ರನ್ ಅಂದ್ರೆ ಲೈಬ್ರರಿ ಬಳಸೋರು, ಅಂದ್ರೆ ಓದುಗರು ಅಷ್ಟೇ. ಡಿಕ್ಷನರಿ ಹೇಳಿದ್ದೂ ತಪ್ಪಲ್ಲ, ಆದ್ರೆ ಅದು ಇದೇ ಪದದ ಇನ್ನೊಂದು ಅರ್ಥ, ಅದೇ ಹಳೇದು. ನಾನು ಇಂಗ್ಲಿಷಿಂದ ಕನ್ನಡಕ್ಕೆ ಅನುವಾದ ಮಾಡೋ ಕೆಲಸದಲ್ಲಿರೋದ್ರಿಂದ ಈ ಪದ ನಂಗೂ ಆಗಾಗ ತಲೆ ತಿನ್ನತ್ತೆ, ಅದಕ್ಕೇ ಸ್ವಲ್ಪ ಉದ್ದಕ್ಕೇ ಬರೀತಿದೀನಿ.

ಮೂಲ ಲ್ಯಾಟಿನ್‌ನ 'ಪತ್ರೋನುಸ್', ಅದರ ಬೇರು 'ಪಾತೆರ್', ಅಂದ್ರೆ ತಂದೆ. ಹಳೇ ರೋಮ್‌ನಲ್ಲಿ ದುಡ್ಡು, ವಶೀಲಿ ಎರಡೂ ಇರೋ ದೊಡ್ಡ ಮನುಷ್ಯ ಪತ್ರೋನುಸ್, ಅವನ ಆಸರೆಲಿ ಬದುಕೋರು 'ಕ್ಲಿಯೆನ್ಸ್', ಇವತ್ತು ನಾವು ಕ್ಲೈಂಟ್ ಅಂತೀವಲ್ಲ ಅದೇ. ಬೆಳಗಾದ್ರೆ ಈ ಕ್ಲೈಂಟ್‌ಗಳು ಧಣಿ ಮನೆ ಬಾಗಿಲಿಗೆ ಹೋಗಿ ನಮಸ್ಕಾರ ಹಾಕ್ಬೇಕು, ಈ ಪದ್ಧತಿಗೆ 'ಸಲ್ಯುತಾತಿಯೋ' ಅಂತಾನೇ ಹೆಸರಿತ್ತು, ಬರುವಾಗ ಕೈಗೆ ಊಟದ ಬುಟ್ಟಿನೋ ಇಲ್ಲಾ ಒಂದಷ್ಟು ಕಾಸೋ ಸಿಗ್ತಿತ್ತು, ಚುನಾವಣೆ ಬಂದ್ರೆ ಇವರು ಅವನ ಹಿಂದೆ ನಿಲ್ಬೇಕು, ಇವರ ಮೇಲೆ ಕೇಸ್ ಬಿದ್ರೆ ಅವನು ಕೋರ್ಟಲ್ಲಿ ಇವರ ಪರ ಮಾತಾಡ್ಬೇಕು. ಬಿಡುಗಡೆ ಆದ ಗುಲಾಮನಿಗೂ ಹಳೇ ಯಜಮಾನನೇ ಪತ್ರೋನುಸ್ ಆಗ್ತಿದ್ದ. ಕ್ರಿ.ಪೂ. 450ರ ಸುಮಾರಿನ ಹನ್ನೆರಡು ಫಲಕಗಳ ಕಾನೂನಲ್ಲಿ, ತನ್ನ ಕ್ಲೈಂಟ್‌ಗೆ ಮೋಸ ಮಾಡಿದ ಪತ್ರೋನುಸ್ ಶಾಪಗ್ರಸ್ತ ಅಂತ ಬರೆದಿದ್ರು, ಅಂದ್ರೆ ಸಂಬಂಧ ಎಷ್ಟು ಗಟ್ಟಿ ಅಂತ ಲೆಕ್ಕ ಹಾಕಿ.

ಮಜಾ ಏನಂದ್ರೆ ಆಗ ಪೇಟ್ರನ್ ಮೇಲೆ, ಕ್ಲೈಂಟ್ ಕೆಳಗೆ. ಈಗ ನೋಡಿ, ಲಾಯರ್‌ಗೆ ಫೀಸ್ ಕೊಡೋನು ಕ್ಲೈಂಟ್, ರೆಸ್ಟೋರೆಂಟ್‌ಗೆ ಬಿಲ್ ಕಟ್ಟೋನು ಪೇಟ್ರನ್. ಎದುರುಬದುರು ಕೂತಿದ್ದ ಎರಡು ಪದಗಳು ಈಗ ಒಂದೇ ಬೆಂಚಿಗೆ ಬಂದು ಕೂತಿವೆ. ಫ್ರೆಂಚ್‌ನಲ್ಲಂತೂ ಇನ್ನೂ ಗಮ್ಮತ್ತು, ಅಲ್ಲಿ 'ಪತ್ರೋಂ' ಅಂದ್ರೆ ಅಂಗಡಿ ಮಾಲೀಕ, ಬಾಸ್! ಗಿರಾಕಿಗೆ 'ಕ್ಲಿಯಾಂ' ಅಂತಾರೆ. ಸ್ಪ್ಯಾನಿಷ್‌ನ ಪತ್ರೋನ್ ಕೂಡ ಯಜಮಾನನೇ. ಈ ಮೂರರಲ್ಲಿ ಇಂಗ್ಲಿಷ್ ಒಂದೇ ಈ ಪದನ ಕೌಂಟರ್ ಆಚೆಯಿಂದ ಈಚೆಗೆ ತಂದಿದ್ದು.

ಹೇಗೆ ತಂತು ಅಂದ್ರೆ, ಮಧ್ಯದಲ್ಲಿ ಕಲೆ ಸಾಹಿತ್ಯದ ಕಾಲ ಒಂದಿತ್ತಲ್ಲ, ರಾಜರು ಶ್ರೀಮಂತರು ಕವಿಗಳನ್ನ ಸಾಕ್ತಿದ್ದ ಕಾಲ. ಅರಿಕೇಸರಿ ಪಂಪನಿಗೆ ಆಶ್ರಯದಾತ ಅಂತೀವಲ್ಲ ಅದೇ ಅರ್ಥದಲ್ಲಿ ಫ್ಲಾರೆನ್ಸ್‌ನ ಮೆದಿಚಿ ಮನೆತನದೋರು ಕಲಾವಿದರ ಪೇಟ್ರನ್. ಆಮೇಲೆ 1600ರ ಆಸುಪಾಸಿಂದ ಇಂಗ್ಲಿಷ್‌ನಲ್ಲಿ ಖಾಯಂ ಗಿರಾಕಿಗೂ ಪೇಟ್ರನ್ ಅನ್ನೋದು ಶುರುವಾಯ್ತು. ನನ್ನ ಪ್ರಕಾರ ಇದರಲ್ಲಿ ವ್ಯಾಪಾರಿ ನಯ ಇದೆ, 'ತಾವು ಬಂದ್ರೇನೇ ನಮ್ಮ ಅಂಗಡಿ ನಡೆಯೋದು ಸ್ವಾಮಿ' ಅಂತ ಗಿರಾಕಿನ ಧಣಿ ಜಾಗಕ್ಕೆ ಏರಿಸೋ ನಯ. ಎಲ್ಲರಿಗೂ ಈ ಪದದ ಮೇಲೆ ಅಷ್ಟು ಭಕ್ತಿ ಇರ್ಲಿಲ್ಲ ಬಿಡಿ, ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ಪ್ರಕಟಿಸಿದ ತನ್ನ ನಿಘಂಟಲ್ಲಿ ಪೇಟ್ರನ್ ಅಂದ್ರೆ ಸಾಮಾನ್ಯವಾಗಿ ದುರಹಂಕಾರದಿಂದ ನೆರವು ಕೊಟ್ಟು ಪ್ರತಿಯಾಗಿ ಹೊಗಳಿಕೆ ಪಡೆಯೋ ನೀಚ ಅನ್ನೋ ಅರ್ಥದಲ್ಲಿ ಬರೆದಿದಾನೆ. ನಿಘಂಟು ಬರೆಯೋಕೆ ಸಹಾಯ ಮಾಡ್ತಾನೆ ಅಂದ್ಕೊಂಡಿದ್ದ ಲಾರ್ಡ್ ಚೆಸ್ಟರ್‌ಫೀಲ್ಡ್ ಕೆಲಸ ನಡೀವಾಗ ತಿರುಗಿ ನೋಡದೆ, ಎಲ್ಲಾ ಮುಗಿಯೋ ಹೊತ್ತಿಗೆ ಹೊಗಳೋಕೆ ಬಂದಿದ್ದ, ಆ ಸಿಟ್ಟಿಗೆ ಜಾನ್ಸನ್ ಅವನಿಗೆ ಬರೆದ ಪತ್ರ ಇವತ್ತಿಗೂ ಫೇಮಸ್ಸು.

ಈಗ ಬಳಕೆಗೆ ಬರೋಣ. ಎಲ್ಲಾ ಕಸ್ಟಮರ್‌ನೂ ಪೇಟ್ರನ್ ಅನ್ನಲ್ಲ. ರೆಸ್ಟೋರೆಂಟ್, ಬಾರ್, ಥಿಯೇಟರ್, ಮ್ಯೂಸಿಯಂ, ಲೈಬ್ರರಿ, ಇಂಥ ಜನ ಬಂದು ಸ್ವಲ್ಪ ಹೊತ್ತು ಕೂರೋ ಓಡಾಡೋ ಜಾಗಗಳಲ್ಲಿ ಈ ಪದ ಸಹಜವಾಗಿ ಕೂರತ್ತೆ. ಆನ್‌ಲೈನಲ್ಲಿ ಚಾರ್ಜರ್ ತರಿಸಿಕೊಂಡೋನು ಕಸ್ಟಮರ್, ಬಸ್ಸಲ್ಲಿ ಪ್ಯಾಸೆಂಜರ್, ಆಸ್ಪತ್ರೆಲಿ ಪೇಷೆಂಟ್, ಹೋಟೆಲ್ ರೂಮಲ್ಲಿ ಉಳಿದೋನು ಗೆಸ್ಟ್. ಲೈಬ್ರರಿಯೋರು ಪೇಟ್ರನ್ ಅಂತ ಬಳಸೋದು ನಂಗೆ ಸರಿ ಅನ್ಸತ್ತೆ, ಯಾಕಂದ್ರೆ ಅಲ್ಲಿ ಏನೂ ಕೊಂಡುಕೊಳ್ಳಲ್ಲ ಹಾಗಾಗಿ ಕಸ್ಟಮರ್ ಅಂದ್ರೆ ಅಡ್ಡಾದಿಡ್ಡಿ ಆಗತ್ತೆ, ಯೂಸರ್ ಅಂದ್ರೆ ಕಂಪ್ಯೂಟರ್ ವಾಸನೆ.

ಇನ್ನು ದಾನಿ ಕಡೆ ಅರ್ಥ. ಸಂಸ್ಥೆಗಳ ಲೆಟರ್‌ಹೆಡ್‌ನಲ್ಲಿ 'ಚೀಫ್ ಪೇಟ್ರನ್' ಅಂತ ಇದ್ರೆ ಅದು ಮಹಾಪೋಷಕರು. ಇವರು ದುಡ್ಡು ಕೊಟ್ಟೇ ಇರ್ಬೇಕು ಅಂತೇನಿಲ್ಲ, ಎಷ್ಟೋ ಸಲ ಬರೀ ಹೆಸರು ಕೊಟ್ಟಿರ್ತಾರೆ, ಬ್ರಿಟನ್ ರಾಜಮನೆತನದೋರು ನೂರಾರು ಚಾರಿಟಿಗಳಿಗೆ ಪೇಟ್ರನ್ ಆಗಿರೋದು ಹೀಗೇ. ದುಡ್ಡು ಕೊಟ್ಟಿದ್ದನ್ನೇ ಒತ್ತಿ ಹೇಳ್ಬೇಕಾದ್ರೆ ಡೋನರ್, ಜಾಹೀರಾತಿಗೆ ಬದಲಾಗಿ ಕೊಟ್ರೆ ಸ್ಪಾನ್ಸರ್. ಪೇಟ್ರನ್ ಸೇಂಟ್ ಅಂದ್ರೆ ಪಾಲಕ ಸಂತ, ಅಲ್ಲಿ ಕಾಪಾಡೋನು ಅನ್ನೋ ಹಳೇ ಅರ್ಥ ಹಾಗೇ ಉಳಿದಿದೆ. ಅಂದಹಾಗೆ 'ಪ್ಯಾಟರ್ನ್' ಕೂಡ ಇದೇ ಪದದಿಂದ ಒಡೆದು ಬಂದಿದ್ದು, ಅನುಕರಿಸೋಕೆ ಯೋಗ್ಯನಾದ ಯಜಮಾನ ಅಂತ ಹೊರಟು ಬರೀ ಮಾದರಿ ಅಂತಾಯ್ತು.

ಅನುವಾದಕ್ಕೆ ಕೂತಾಗ ಎಲ್ಲಿ ಸಿಕ್ಕಿ ಹಾಕ್ಕೊಳ್ತೀವಿ ಅಂದ್ರೆ ಬೋರ್ಡ್‌ಗಳಲ್ಲಿ. 'ಪಾರ್ಕಿಂಗ್ ಫಾರ್ ಪೇಟ್ರನ್ಸ್ ಓನ್ಲಿ' ಅನ್ನೋದಕ್ಕೆ 'ಪೋಷಕರ ವಾಹನಗಳಿಗೆ ಮಾತ್ರ' ಅಂತ ಹಾಕಿದ್ರೆ ಓದೋರಿಗೆ ಇದೇನು ಸ್ಕೂಲ್ ಪೇರೆಂಟ್ಸ್ ಮೀಟಿಂಗಾ ಅನ್ಸತ್ತೆ, ಯಾಕಂದ್ರೆ ಈಗ ಶಾಲೆ ಸುತ್ತೋಲೆಗಳಿಂದಾಗಿ ಪೋಷಕರು ಅಂದ್ರೆ ಅಪ್ಪ ಅಮ್ಮ ಅಂತಾನೇ ಆಗಿಹೋಗಿದೆ, ಸಿನಿಮಾದೋರಿಗೆ ಪೋಷಕ ನಟ ಬೇರೆ. ಸೀದಾ 'ನಮ್ಮಲ್ಲಿಗೆ ಬಂದವರ ವಾಹನಗಳಿಗೆ ಮಾತ್ರ' ಅಂತ ಬರೆದ್ರೆ ಮುಗೀತು. ಥಿಯೇಟರ್ ಆದ್ರೆ ಪ್ರೇಕ್ಷಕರು, ಅಂಗಡಿ ಆದ್ರೆ ಗ್ರಾಹಕರು. ಗಿರಾಕಿ ಅಂತ ಬರವಣಿಗೆಲಿ ಹಾಕೋಕೆ ಹೋಗ್ಬೇಡಿ, ಮಾತಲ್ಲಿ ಓಕೆ, ಆದ್ರೆ 'ಅವನೊಬ್ಬ ಗಿರಾಕಿ ಕಣೋ' ಅಂತ ಕಾಲೆಳೆಯೋಕೂ ಅದೇ ಪದ ಬಳಸ್ತೀವಲ್ಲ.

'ಪೇಟ್ರನೈಸ್' ಬಗ್ಗೆ ಮಾತ್ರ ಹುಷಾರು. ಒಂದು ಅಂಗಡಿನ ಪೇಟ್ರನೈಸ್ ಮಾಡೋದು ಅಂದ್ರೆ ಅಲ್ಲಿಗೇ ಹೋಗಿ ವ್ಯಾಪಾರ ಮಾಡೋದು, ಒಳ್ಳೇ ಮಾತು. ಆದ್ರೆ ಒಬ್ಬ ಮನುಷ್ಯನ್ನ ಪೇಟ್ರನೈಸ್ ಮಾಡೋದು ಅಂದ್ರೆ ನಿಂಗೇನೂ ಗೊತ್ತಾಗಲ್ಲಪ್ಪ ಅಂತ ತಲೆ ಸವರಿ, ದೊಡ್ಡಸ್ತಿಕೆಯಿಂದ ಬುದ್ಧಿ ಹೇಳೋದು. 'ಡೋಂಟ್ ಪೇಟ್ರನೈಸ್ ಮಿ' ಅಂತ ಯಾರಾದ್ರೂ ಅಂದ್ರೆ ಅವರು ಸಿಟ್ಟಾಗಿದಾರೆ, ನಿಮ್ ದುಡ್ಡು ಬೇಡ ಅಂತಿಲ್ಲ. 'ಪೇಟ್ರನೇಜ್' ಪದಕ್ಕೂ ರಾಜಕೀಯದಲ್ಲಿ ಇದೇ ಗತಿ, ಗೆದ್ದೋರು ತಮ್ಮ ಕಡೆಯೋರಿಗೆ ಹುದ್ದೆ ಹಂಚೋದಕ್ಕೆ ಆ ಹೆಸರು. ಕಲಾವಿದರಿಗೆ ತಿಂಗಳು ತಿಂಗಳು ದುಡ್ಡು ಕಳಿಸೋ ಪೇಟ್ರಿಯಾನ್ ಅನ್ನೋ ಸೈಟ್ 2013ರಲ್ಲಿ ಶುರುವಾಯ್ತಲ್ಲ, ಅಲ್ಲಿ ದುಡ್ಡು ಕಳಿಸೋರನ್ನೂ ಪೇಟ್ರನ್ಸ್ ಅಂತಾರೆ, ಅವರು ಗಿರಾಕಿಗಳೋ ಪೋಷಕರೋ ಅಂತ ಕೇಳಿದ್ರೆ ಎರಡೂ ಹೌದು, ಯಾಕಂದ್ರೆ ಕೊಟ್ಟ ದುಡ್ಡಿಗೆ ಎಕ್ಸ್‌ಟ್ರಾ ವಿಡಿಯೋನೂ ಸಿಗತ್ತೆ, ಆ ಕಲಾವಿದನ ಮನೆನೂ ನಡೆಯತ್ತೆ.