ಟ್ರೈಪಾಡ್ ಮೇಲಿಟ್ಟಾಗ ಲೆನ್ಸ್‌ನ ಐಎಸ್ (ಅಲುಗಾಟದ ಮಸುಕು ತಡೆಯೋ ಇಮೇಜ್ ಸ್ಟೆಬಿಲೈಸೇಶನ್) ಆಫ್ ಮಾಡಬೇಕಾ?

ಹೊಸ ಲೆನ್ಸ್‌ಗೆ ಟ್ರೈಪಾಡ್ ತಾನಾಗೇ ಗೊತ್ತಾಗುತ್ತೆ, ಸ್ವಿಚ್ ಮುಟ್ಟೋದೇ ಬೇಡ ಅಂತ ಅಂಗಡಿಯವರು ಹೇಳಿದ್ದು ನಿಜವಾ ಅಂತ ಕೇಳಿದೀರಿ. ನನಗೂ ಹಾಗೇ ಹೇಳಿದ್ರು, ನಾನು ನಂಬಿದೆ.

ಸಾಗರದ ಕಡೆ ಒಂದು ಹೋಂಸ್ಟೇ ಗೋಡೆಗೆ ಜೋಗದ ದೊಡ್ಡ ಪ್ರಿಂಟ್ ಬೇಕಿತ್ತು. ಮಳೆಗಾಲ. ಮಂಜು ಸರಿಯೋವರೆಗೆ ಕಾದು, ಎನ್‌ಡಿ ಫಿಲ್ಟರ್ (ಬೆಳಕು ಕಡಿಮೆ ಮಾಡೋ ಕಪ್ಪು ಗಾಜು) ಹಾಕಿ, ಒಂದೊಂದು ಸೆಕೆಂಡಿನ ಎಕ್ಸ್‌ಪೋಶರ್ ತೆಗೆದೆ. ಕ್ಯಾಮೆರಾ ಪರದೆಯಲ್ಲಿ ಚೆನ್ನಾಗೇ ಕಾಣ್ತು. ನೀರು ಹೇಗೂ ಮಸುಕಾಗೇ ಬರೋದು, ಅದರಲ್ಲಿ ಐಬು ಗೊತ್ತಾಗಲ್ಲ. ಪ್ರಿಂಟ್ ಬಂದಾಗ ರಾಜಾ ಧಾರೆ ಪಕ್ಕದ ಬಂಡೆಗೆ ಎರಡೆರಡು ಅಂಚು! ದುಡ್ಡು ಬರಲಿಲ್ಲ, ಪ್ರಿಂಟಿನ ಖರ್ಚೂ ನನ್ನ ತಲೆಗೇ ಬಂತು. ಗಾಳಿಯನ್ನ ಬೈದೆ, ಟ್ರೈಪಾಡನ್ನ ಬೈದೆ, ಸಾಲದ್ದಕ್ಕೆ ಹೊಸ ಟ್ರೈಪಾಡೂ ತಗೊಂಡೆ. ಅದರಲ್ಲೂ ಅದೇ ಹಾಡು.

ಕೊನೆಗೆ ಮನೆ ಜಗಲಿ ಮೇಲೆ ಕ್ಯಾಮೆರಾ ನಿಲ್ಲಿಸಿ, ಅಂಗಳದ ಅಡಿಕೆ ಚಪ್ಪರದ ಕಂಬದಲ್ಲಿದ್ದ ಒಂದು ಮೊಳೆಯನ್ನ ಲೈವ್ ವ್ಯೂನಲ್ಲಿ ಹತ್ತು ಪಟ್ಟು ಹಿಗ್ಗಿಸಿದೆ. ಕೇಬಲ್ ರಿಲೀಸ್ (ತಂತಿ ರಿಮೋಟ್) ಅರ್ಧ ಒತ್ತಿ ಹಿಡಿದರೆ ಐಎಸ್ ಎಚ್ಚರ ಆಗುತ್ತಲ್ಲ, ಹಾಗೆ ಹಿಡಿದು ನೋಡಿದೆ. ಯಾರೂ ಮುಟ್ಟಿಲ್ಲ, ಗಾಳಿಯಿಲ್ಲ, ಆದರೂ ಮೊಳೆ ಮೆಲ್ಲಗೆ ಎಡಕ್ಕೆ ಜಾರುತ್ತೆ, ಗಪ್ಪನೆ ವಾಪಸ್ ಬರುತ್ತೆ. ಸ್ವಿಚ್ ಆಫ್ ಮಾಡಿದೆ, ನಿಂತಲ್ಲೇ ನಿಂತಿತು. ಲೆನ್ಸೊಳಗಿನ ಗೈರೊ ಸೆನ್ಸರ್ ಅಲುಗಾಟ ಅಳೆಯುತ್ತೆ, ಅದಕ್ಕೆ ತಕ್ಕಂತೆ ಒಂದು ಗಾಜಿನ ಗುಂಪು ಸರಿಯುತ್ತೆ. ಅಲುಗಾಟವೇ ಇಲ್ಲದಾಗ ಸೆನ್ಸರ್ ತನ್ನದೇ ಸಣ್ಣ ಗದ್ದಲವನ್ನ ಅಲುಗಾಟ ಅಂತ ತಿಳಿದು, ತೂಕಡಿಸೋನು ಬಿದ್ದೆನಪ್ಪಾ ಅಂತ ಬೆಚ್ಚಿದ ಹಾಗೆ, ಗಾಜನ್ನ ಸರಿಸುತ್ತೆ. ಸಾವಿರದಲ್ಲೊಂದು ಸೆಕೆಂಡಲ್ಲಿ ಅದು ಕಾಣಲ್ಲ. ಒಂದು ಸೆಕೆಂಡಲ್ಲಿ ಬಂಡೆಗೆ ಎರಡು ಅಂಚು ಬರೋದು ಹೀಗೆ.

ಅಂಗಡಿಯವರದ್ದು ಪೂರ್ತಿ ಸುಳ್ಳಲ್ಲ. 1999ರಲ್ಲಿ ಬಂದ ಕ್ಯಾನನ್‌ನ ದೊಡ್ಡ ಟೆಲಿ ಲೆನ್ಸ್‌ಗಳಿಂದಲೇ ಟ್ರೈಪಾಡ್ ಪತ್ತೆ ಹಚ್ಚೋ ವ್ಯವಸ್ಥೆ ಇದೆ. ಎಲ್ಲ ಲೆನ್ಸಲ್ಲೂ ಇಲ್ಲ, ಇದ್ದರೂ ಒಂದು ಸೆಕೆಂಡಿನ ಎಕ್ಸ್‌ಪೋಶರ್‌ಗೆ ನಾನು ಅದನ್ನ ನಂಬಲ್ಲ.

ಆದರೆ ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣಲ್ಲ. ಟ್ರೈಪಾಡ್ ಮೇಲಿದ್ದ ಮಾತ್ರಕ್ಕೆ ಕ್ಯಾಮೆರಾ ನಿಶ್ಚಲ ಅಂತ ಯಾಕೆ ಅಂದ್ಕೊಳ್ತೀರಿ? ಮಂಡಗದ್ದೆಯಲ್ಲಿ ಬೆಳ್ಳಕ್ಕಿ ಹಾರೋದನ್ನ ಗಿಂಬಲ್ (ಟ್ರೈಪಾಡ್ ಮೇಲೆ ಲೆನ್ಸನ್ನ ಸರಾಗ ತಿರುಗಿಸೋ ತಲೆ) ಸಡಿಲ ಬಿಟ್ಟು ಹಿಂಬಾಲಿಸ್ತೀನಿ, ಅಲ್ಲಿ ಐಎಸ್ ಆನ್. ಜೋಗದಲ್ಲಿ ಎಲ್ಲ ಬಿಗಿ ಮಾಡಿ ರಿಮೋಟ್ ಒತ್ತೋದು, ಅಲ್ಲಿ ಆಫ್. ರೇಲಿಂಗ್‌ಗೆ ಮಾತ್ರ ಟ್ರೈಪಾಡಿನ ಕಾಲು ತಾಗಿಸಬೇಡಿ, ಜನ ಒರಗಿದ ಕೂಡಲೇ ನಡುಗುತ್ತೆ.

ಬ್ಯಾಗಿನಲ್ಲಿ ಉಜ್ಜಿ ಸ್ವಿಚ್ ತಾನೇ ಆನ್ ಆಗೋದುಂಟು, ಹಾಗಾಗಿ ಮೇಲೊಂದು ಟೇಪ್ ಅಂಟಿಸಿ. ಕ್ಯಾಮೆರಾ ಬಾಡಿಯಲ್ಲೂ ಸ್ಟೆಬಿಲೈಸೇಶನ್ ಇದ್ದರೆ ಮೆನುವಿಗೆ ಹೋಗಿ ಅದನ್ನೂ ನೋಡಿ.