ಬೆಳಗಿನ ವಾಕ್ಯ, ಹತ್ತು ಗಂಟೆಯ ಸಿಟ್ಟು

ಓದುಗರ ಪತ್ರ: ಸಂಪಾದಕರಿಗೆ ಕರ್ತನಲ್ಲಿ ವಂದನೆಗಳು. ಸಿಂಧನೂರಿನಲ್ಲಿ ನನ್ನದೊಂದು ಬೀಜ, ಗೊಬ್ಬರದ ಅಂಗಡಿ ಇದೆ. ದಿನಾ ಬೆಳಿಗ್ಗೆ ಐದಕ್ಕೆ ಎದ್ದು ಸತ್ಯವೇದದ ನಾಲ್ಕು ಅಧ್ಯಾಯ ಓದುತ್ತೇನೆ. ಸಿನಿಮಾ, ಸೀರಿಯಲ್ ಬಿಟ್ಟಿದ್ದೇನೆ. ಶುಕ್ರವಾರ ಉಪವಾಸ. ಆದರೂ ಫಲ ಕಾಣುತ್ತಿಲ್ಲ. ಪ್ರಾರ್ಥನೆಯಲ್ಲಿ ಸಿಕ್ಕ ಸಮಾಧಾನ ಹತ್ತು ಗಂಟೆಗೆಲ್ಲ ಹೋಗಿಬಿಡುತ್ತದೆ. ಹಮಾಲರ ಜೊತೆ ಕೂಲಿಗಾಗಿ ಕಿರಿಕಿರಿ; ಶನಿವಾರ ಒಟ್ಟಿಗೆ ಕೊಡುತ್ತೇನೆ ಅಂದರೆ ಕೇಳುವುದಿಲ್ಲ. ಆ ಸಿಟ್ಟು ಮನೆಯಲ್ಲಿ ಮಕ್ಕಳ ಮೇಲೆ ಹೋಗುತ್ತದೆ. ಎಷ್ಟು ಜನರನ್ನು ಸಭೆಗೆ ಕರೆತಂದಿರೋ ಅದೇ ನಿಮ್ಮ ಫಲ ಎಂದು ಕನ್ವೆನ್ಷನ್‌ನಲ್ಲಿ ಬೋಧಕರೊಬ್ಬರು ಹೇಳಿದರು. ನಾನು ಒಬ್ಬರನ್ನೂ ತಂದಿಲ್ಲ. 21 ದಿನ ಉಪವಾಸ ಮಾಡೋಣ ಅಂತಿದ್ದೇನೆ. ನೀವೇನು ಹೇಳುತ್ತೀರಿ?

ಸಂಪಾದಕರ ಉತ್ತರ:

ಪ್ರಿಯ ಸಹೋದರರೇ, ವಂದನೆಗಳು.

ಮೊದಲು ಆ ಬೋಧಕರ ಮಾತು. ಬೇರೆಯವರಿಗೆ ಸುವಾರ್ತೆ ಹೇಳುವುದು ಒಳ್ಳೆಯದೇ. ಆದರೆ ಫಲವನ್ನು ತಲೆ ಎಣಿಸಿ ಲೆಕ್ಕ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಮತ್ತಾಯ 7ನೇ ಅಧ್ಯಾಯ ತೆಗೆದು ನೋಡಿ. ಮರವನ್ನು ಅದರ ಫಲದಿಂದ ತಿಳಿಯುವಿರಿ ಎಂದು ಯೇಸು ಹೇಳಿದ ಬೆನ್ನಿಗೇ, ಆತನ ಹೆಸರಿನಲ್ಲಿ ದೆವ್ವ ಬಿಡಿಸಿದವರು, ಮಹತ್ಕಾರ್ಯ ಮಾಡಿದವರು ಬಂದು ನಿಲ್ಲುತ್ತಾರೆ. ಆತನು ಅವರಿಗೆ, ನಿಮ್ಮ ಗುರುತೇ ನನಗಿಲ್ಲ ಅನ್ನುತ್ತಾನೆ. ಪೌಲನು ಗಲಾತ್ಯದವರಿಗೆ ಬರೆದ, ದೇವರಾತ್ಮನ ಫಲದ ಪಟ್ಟಿಯಲ್ಲೂ ಎಣಿಸುವಂಥದ್ದು ಏನೂ ಇಲ್ಲ: ಪ್ರೀತಿ, ಸಂತೋಷ, ಸಮಾಧಾನ, ದೀರ್ಘಶಾಂತಿ, ದಯೆ, ಉಪಕಾರ, ನಂಬಿಕೆ, ಸಾಧುತ್ವ, ಶಮೆದಮೆ (ಅಂದರೆ ಮನಸ್ಸಿನ ಹಿಡಿತ). ಇವುಗಳಲ್ಲಿ ಹೆಚ್ಚಿನವಕ್ಕೆ ಎದುರಿಗೆ ಇನ್ನೊಬ್ಬ ಮನುಷ್ಯ ಬೇಕೇ ಬೇಕು. ಕೆಣಕುವವರು ಯಾರೂ ಇಲ್ಲದ ಕಡೆ ದೀರ್ಘಶಾಂತಿ ಇದೆಯೋ ಇಲ್ಲವೋ ಅಂತ ಹೇಗೆ ಗೊತ್ತಾಗಬೇಕು? ಬೆಳಗಿನ ಐದು ಗಂಟೆಗೆ ನಿಮ್ಮ ಎದುರು ಯಾರೂ ಇರುವುದಿಲ್ಲ. ಹತ್ತು ಗಂಟೆಗೆ ಇರುತ್ತಾರೆ.

ಹಾಗಂತ ಬೆಳಗಿನ ಓದು ವ್ಯರ್ಥ ಅಂತ ದಯವಿಟ್ಟು ತಿಳಿಯಬೇಡಿ. ಯೋಹಾನ 15ನೇ ಅಧ್ಯಾಯದಲ್ಲಿ ದ್ರಾಕ್ಷಾಬಳ್ಳಿಯ ಮಾತು ಬರುತ್ತದಲ್ಲ, ಕುಷ್ಟಗಿ ಕಡೆ ದ್ರಾಕ್ಷಿ ತೋಟ ಮಾಡಿದವರ ಹತ್ತಿರ ಅದನ್ನು ಓದಿಸಬೇಕು. ನಮ್ಮ ಕಡೆ ಬಳ್ಳಿಗೆ ವರ್ಷಕ್ಕೆ ಎರಡು ಸಲ ಚಾಟ್ನಿ, ಅಂದರೆ ಕಡ್ಡಿ ಸವರುವ ಕೆಲಸ, ಮಾಡುತ್ತಾರೆ. ಏಪ್ರಿಲ್‌ನಲ್ಲಿ ಕಡ್ಡಿಗಳನ್ನು ಒಂದೆರಡು ಕಣ್ಣು ಬಿಟ್ಟು ಪೂರ್ತಿ ಕತ್ತರಿಸುತ್ತಾರೆ. ಉರಿ ಬಿಸಿಲಲ್ಲಿ ತೋಟ ಬೋಳು ಬೋಳಾಗಿ ಕಾಣುತ್ತದೆ. ಆಮೇಲೆ ಚಿಗುರಿದ ಹೊಸ ಕಡ್ಡಿಯ ಕಣ್ಣುಗಳ ಒಳಗೆ, ಆ ಬೇಸಿಗೆಯಲ್ಲೇ, ಮುಂದಿನ ಗೊಂಚಲು ರೂಪ ತಾಳುತ್ತದೆ. ಹೊರಗಿನಿಂದ ನೋಡಿದರೆ ಬರೀ ಎಲೆ. ಅಕ್ಟೋಬರ್ ಚಾಟ್ನಿ ಆದ ಮೇಲೇ ಗೊಂಚಲು ಹೊರಗೆ ಬರುವುದು, ಅಲ್ಲಿಂದ ಹಣ್ಣಾಗುವುದಕ್ಕೆ ಸುಮಾರು ನಾಲ್ಕು ತಿಂಗಳು. ಬೇಸಿಗೆಯಲ್ಲಿ ನೀರು, ಗೊಬ್ಬರ ತಪ್ಪಿಸಿದವನಿಗೆ ಅಕ್ಟೋಬರ್‌ನಲ್ಲಿ ಎಷ್ಟು ಕಷ್ಟಪಟ್ಟರೂ ಗೊಂಚಲು ಕಡಿಮೆಯೇ. ನಿಮ್ಮ ಓದನ್ನು ನಾನು ಆ ಬೇಸಿಗೆಯ ಕೆಲಸ ಅಂತಲೇ ನೋಡುತ್ತೇನೆ. ಅದನ್ನು ಬಿಡಬೇಡಿ.

ಆದರೆ ಅದೇ ಅಧ್ಯಾಯದಲ್ಲಿ ತಂದೆಯ ಕೈಯಲ್ಲಿ ಕತ್ತರಿಯೂ ಇದೆ. ಫಲ ಕೊಡುವ ಕೊಂಬೆಯನ್ನು ಇನ್ನೂ ಹೆಚ್ಚು ಫಲ ಕೊಡಲಿ ಎಂದು ಆತನು ಶುದ್ಧಿಮಾಡುತ್ತಾನೆ. ಮರುವಚನದಲ್ಲೇ ಯೇಸು ಶಿಷ್ಯರಿಗೆ, ನಾನು ಹೇಳಿದ ವಾಕ್ಯದಿಂದ ನೀವು ಶುದ್ಧರಾಗಿದ್ದೀರಿ ಅನ್ನುತ್ತಾನೆ. ಅಂದರೆ ಕತ್ತರಿ ಆ ವಾಕ್ಯವೇ. ನಾಲ್ಕು ಅಧ್ಯಾಯ ಓಡಿಸಿಕೊಂಡು ಹೋದರೆ ಅದು ಎಲ್ಲಿ ತಾಗಬೇಕು? ಓದಿ ಮುಗಿಸಿದ ತೃಪ್ತಿ ಸಿಗುತ್ತದೆ, ಅಷ್ಟೇ. ನಮ್ಮ ಭಾಷೆಯಲ್ಲಿ ಸತ್ಯವೇದ ಬಂದದ್ದು ನಿಮ್ಮ ಪಕ್ಕದ ಬಳ್ಳಾರಿಯಿಂದ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅಲ್ಲಿಗೆ ಬಂದದ್ದು 1810ರಲ್ಲಿ. ಅವರು, ವಿಲಿಯಂ ರೀವ್ ಮತ್ತು ಕನ್ನಡ ಬಲ್ಲ ಸಹಾಯಕರು ಕೂತು ಮಾಡಿದ ಇಡೀ ಸತ್ಯವೇದದ ಅನುವಾದ ಅಚ್ಚಾಗಿ ಹೊರಬಂದದ್ದು 1831ರಲ್ಲಿ. ಇಪ್ಪತ್ತು ವರ್ಷ ಒಂದೊಂದು ವಚನದ ಮೇಲೆ ಕೂತವರ ಪುಸ್ತಕ ಅದು. ನಾವು ಒಂದು ಭಾಗದ ಮೇಲೆ ಒಂದು ವಾರ ಕೂತರೆ ತಪ್ಪೇನೂ ಇಲ್ಲ, ಅಲ್ವಾ?

ರಾಯಚೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ಒಬ್ಬ ಅಜ್ಜಿ ಇದ್ದಾರೆ. ಅವರಿಗೆ ಓದು ಬರುವುದಿಲ್ಲ. ಭಾನುವಾರ ಸಂಜೆ ಮೊಮ್ಮಗಳು ಒಂದು ಭಾಗ ಓದಿ ಹೇಳುತ್ತಾಳೆ. ಅಜ್ಜಿ ಕೇಳುವುದು ಒಂದೇ ಪ್ರಶ್ನೆ: "ಇದನ್ನ ಯಾರಿಗೆ ಮಾಡಬೇಕವ್ವಾ?" ಹೆಸರು ಹೊಳೆಯುವವರೆಗೂ ಪುಸ್ತಕ ಮುಚ್ಚಗೊಡುವುದಿಲ್ಲ. ಒಮ್ಮೆ ನಾನಿದ್ದಾಗಲೇ, ಹತ್ತಿ ಬಿಡಿಸುವಾಗ ತನ್ನ ಸಾಲಿಗೆ ಕೈ ಹಾಕಿದವಳ ಹೆಸರು ಬಾಯಿಗೆ ಬಂತು. ಅಜ್ಜಿ ಸ್ವಲ್ಪ ಹೊತ್ತು ಸುಮ್ನೆ ಕೂತರು. ಆಮೇಲೆ, "ಹ್ಞೂ, ಅಕೀಗೇ" ಅಂದರು.

ನೀವೂ ಈ ವಾರ ನಾಲ್ಕು ಅಧ್ಯಾಯ ಬಿಟ್ಟು ಒಂದೇ ಅಧ್ಯಾಯ ಓದಿ. ಯಾಜಕಕಾಂಡ 19. "ಪರಿಶುದ್ಧರಾಗಿರಬೇಕು" ಎಂಬ ಆಜ್ಞೆಯಿಂದಲೇ ಅದು ಶುರುವಾಗುತ್ತದೆ. ಮುಂದೆ ಏನೇನಿದೆ ನೋಡಿ: ಬೆಳೆ ಕೊಯ್ಯುವಾಗ ಹೊಲದ ಮೂಲೆ ಬಿಡು, ಹಕ್ಕಲನ್ನು, ಅಂದರೆ ಕೊಯ್ಯುವಾಗ ಉಳಿದುಬಿದ್ದ ತೆನೆಯನ್ನು, ಬಡವರಿಗೆ ಬಿಡು. ಕಿವುಡನನ್ನು ಬೈಯಬೇಡ. ತಲೆ ನರೆತವರ ಮುಂದೆ ಎದ್ದು ನಿಲ್ಲು. ತಕ್ಕಡಿ ಸರಿಯಿರಲಿ, ತೂಕದ ಕಲ್ಲು ಸರಿಯಿರಲಿ. ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂಬ ಮಾತೂ ಇಲ್ಲಿಯದೇ. ಪರಿಶುದ್ಧತೆ ಅಂದರೆ ಏನೇನು ಬಿಟ್ಟೆವು ಅನ್ನುವ ಲೆಕ್ಕ ಅಂತ ನಮ್ಮ ಸಭೆಗಳಲ್ಲಿ ಬಹಳ ಜನ ತಿಳಿದಿದ್ದಾರೆ. ನೀವು ಸೀರಿಯಲ್ ಬಿಟ್ಟದ್ದು ಸಂತೋಷ. ಆದರೆ ಈ ಅಧ್ಯಾಯ ಕೈ ಇಡುವುದು ಹೊಲ, ತಕ್ಕಡಿ, ಕೂಲಿಯ ಮೇಲೆ.

13ನೇ ವಚನಕ್ಕೆ ಬಂದಾಗ ನಿಲ್ಲಿ. ಕೂಲಿಯವನ ಕೂಲಿಯನ್ನು ಬೆಳಗಿನವರೆಗೆ ನಿನ್ನ ಹತ್ತಿರ ಇಟ್ಟುಕೊಳ್ಳಬೇಡ ಎಂದು ಅಲ್ಲಿದೆ.

ನೀವು ಮೋಸಗಾರರು ಅಂತ ನಾನು ಹೇಳುತ್ತಿಲ್ಲ. ಶನಿವಾರ ಲೆಕ್ಕ ಮಾಡುವುದು ಎಷ್ಟೋ ಅಂಗಡಿಗಳ ರೂಢಿ, ರೈತರ ಉದ್ರಿ ಬಾಕಿ ನಿಮ್ಮ ಕೈಯನ್ನೂ ಕಟ್ಟಿಹಾಕಿರುತ್ತದೆ. ಆದರೆ ಐವತ್ತು ಕಿಲೋ ಚೀಲ ಬೆನ್ನ ಮೇಲೆ ಹೊತ್ತವನ ಮನೆಯಲ್ಲಿ ಅಂದಿನ ಅಕ್ಕಿ ಅಂದೇ ತರಬೇಕಾಗಿರುತ್ತದೆ. ಅವನು ದಿನಾ ಕೇಳುವುದು ಅದಕ್ಕೆ. ತಡೆಹಿಡಿದ ಕೂಲಿ ಕೂಗುತ್ತದೆ, ಆ ಕೂಗು ಕರ್ತನ ಕಿವಿಗೆ ಬೀಳುತ್ತದೆ ಎಂದು ಯಾಕೋಬನು ಬರೆದಿದ್ದಾನೆ. ನಿಮ್ಮ ಸಮಾಧಾನ ಎಲ್ಲಿ ಸೋರಿ ಹೋಗುತ್ತಿದೆ ಎಂದು ನೀವು ನನ್ನನ್ನು ಕೇಳಿದ್ದೀರಿ. ಜಾಗ ನಿಮ್ಮ ಪತ್ರದಲ್ಲೇ ಇದೆ ಅಂತ ನನಗೆ ಅನ್ನಿಸುತ್ತದೆ.

ಕೂಲಿ ಕೊಟ್ಟ ಮಾತ್ರಕ್ಕೆ ಫಲ ಬಂದುಬಿಡುತ್ತದೆ ಅಂತ ಲೆಕ್ಕ ಹಾಕಬೇಡಿ. ನನ್ನಲ್ಲಿ ನೆಲೆಗೊಂಡಿರಿ, ನನ್ನನ್ನು ಬಿಟ್ಟು ನೀವು ಏನೂ ಮಾಡಲಾರಿರಿ ಎಂದು ಯೇಸು ಹೇಳಿದ್ದಾನೆ. ಸಿಟ್ಟು ಬಂದ ಗಳಿಗೆಯಲ್ಲಿ, ಕೌಂಟರಿನ ಹಿಂದೆ ನಿಂತೇ, ಕರ್ತನೇ ಸಹಾಯ ಮಾಡು ಅನ್ನಿ. ಅದು ಕೂಡ ಪ್ರಾರ್ಥನೆಯೇ. ಮಕ್ಕಳ ಮೇಲೆ ರೇಗಿದ ದಿನ ರಾತ್ರಿ ಮಲಗುವ ಮುಂಚೆ ಅವರ ಹತ್ತಿರ ಕೂತು, ತಪ್ಪಾಯ್ತು ಅಂತ ಹೇಳಿ. ಅಪ್ಪನ ಬಾಯಲ್ಲಿ ಆ ಮಾತು ಕೇಳಿದ ಮಕ್ಕಳಿಗೆ ಸುವಾರ್ತೆ ಬೇಗ ಅರ್ಥವಾಗುತ್ತದೆ.

ಇನ್ನು 21 ದಿನದ ಉಪವಾಸ. ಸಕ್ಕರೆ ಕಾಯಿಲೆ, ಬಿಪಿ ಏನಾದರೂ ಇದ್ದರೆ ಡಾಕ್ಟರನ್ನು ಕೇಳದೆ ಬೇಡವೇ ಬೇಡ. ಆರೋಗ್ಯ ಚೆನ್ನಾಗಿದ್ದರೂ, ಮೊದಲು ಯೆಶಾಯ 58 ಓದಿ, ನಿಮ್ಮ ಅಯ್ಯನವರ ಜೊತೆ ಮಾತಾಡಿ. ನಾವು ಉಪವಾಸ ಮಾಡಿದರೂ ನೀನು ಯಾಕೆ ನೋಡಲಿಲ್ಲ ಎಂದು ಜನ ಅಲ್ಲಿ ದೇವರನ್ನೇ ಕೇಳುತ್ತಾರೆ. ಉಪವಾಸದ ದಿನವೂ ನಿಮ್ಮ ಆಳುಗಳನ್ನು ಹಿಂಡುತ್ತೀರಲ್ಲ ಎಂದು ದೇವರು ಉತ್ತರ ಕೊಡುತ್ತಾನೆ. ಉಪವಾಸ ಮಾಡುವುದೇ ಆದರೆ ಆ 21 ದಿನವೂ ಹಮಾಲರ ಲೆಕ್ಕ ಆಯಾ ಸಂಜೆಯೇ ಮುಗಿಯಲಿ, ಅಂಗಡಿಯ ಶಟರ್ ಎಳೆಯುವ ಮುಂಚೆ.

— ಸಂಪಾದಕ