ನೆಟ್‌ವರ್ಕ್ ನಿಗಾ ಇಡುವ ರಾಸ್ಪ್‌ಬೆರಿ ಪೈನಲ್ಲಿ ಪೆನ್ ಡ್ರೈವ್ ಪದೇ ಪದೇ ಕೆಡುತ್ತಿದೆ, ಯಾವ ಕಂಪನಿಯದು ಕೊಂಡರೆ ಬಾಳಿಕೆ ಬರುತ್ತದೆ?

ಎಂಟು ತಿಂಗಳಲ್ಲಿ ಕೆಟ್ಟ ಮೂರು ಪೆನ್ ಡ್ರೈವ್, ಅದೇ ಪೈ ಎಂಬ ಪುಟ್ಟ ಕಂಪ್ಯೂಟರು, ನೆಟ್‌ವರ್ಕಿನ ಹರಿವನ್ನು ಚಿತ್ರಿಸುವ ಕ್ಯಾಕ್ಟೈ (Cacti) ತಂತ್ರಾಂಶದ ಅದೇ ಗ್ರಾಫುಗಳು. ನಿಮ್ಮ ಪ್ರಶ್ನೆ ಓದುತ್ತಿದ್ದಂತೆ ಶಿಡ್ಲಘಟ್ಟದ ನಮ್ಮ ಹಳೆಯ ಕೋಣೆ ಕಣ್ಣ ಮುಂದೆ ಬಂದಿತು.

ಅಲ್ಲಿ ಒಂದು ಸಣ್ಣ ಕೇಬಲ್ ಇಂಟರ್ನೆಟ್ ಸಂಸ್ಥೆಯ ನೆಟ್‌ವರ್ಕನ್ನು ನಾನು ನೋಡಿಕೊಳ್ಳುತ್ತಿದ್ದೆ. ಸ್ವಿಚ್ಚುಗಳಿದ್ದ ಕೋಣೆಯು ರೇಷ್ಮೆ ನೂಲು ಬಿಚ್ಚಾಣಿಕೆ ಘಟಕವೊಂದರ ಮಹಡಿಯ ಮೇಲಿತ್ತು. ಕೆಳಗೆ ಗೂಡು ಬೇಯಿಸುವ ಹಬೆ ಮೆಟ್ಟಿಲೇರಿ ಬಂದು ಕಿಟಕಿಯ ಗಾಜಿನ ಮೇಲೆ ಹನಿಯಾಗಿ ಇಳಿಯುತ್ತಿತ್ತು. ಅಂಥ ಜಾಗದಲ್ಲಿ ಬಿಸಿಯಾದ ಸ್ವಿಚ್ಚೊಂದರ ಬೆನ್ನ ಮೇಲೆಯೇ ಪೈ ಇಟ್ಟು, ಸ್ವಿಚ್ಚುಗಳ ಮುನ್ನೂರು ಪೋರ್ಟುಗಳಲ್ಲಿ, ಎಂದರೆ ಕೇಬಲ್ ಚುಚ್ಚುವ ಕಿಂಡಿಗಳಲ್ಲಿ, ಹರಿದ ದತ್ತಾಂಶದ ಲೆಕ್ಕವನ್ನು ಐದು ನಿಮಿಷಕ್ಕೊಮ್ಮೆ ತೆಗೆಸಿ, ಎಲ್ಲವನ್ನೂ 32 ಜಿಬಿಯ ಪೆನ್ ಡ್ರೈವಿಗೆ ಬರೆಸುತ್ತಿದ್ದೆ. ಮೆಮೊರಿ ಕಾರ್ಡ್ ಸವೆದೀತೆಂಬ ಹೆದರಿಕೆಯಿಂದ ಮಾಡಿದ ಜಾಣತನವದು. ಕಾರ್ಡಿನೊಳಗೂ ಪೆನ್ ಡ್ರೈವಿನೊಳಗೂ ಇರುವುದು ಒಂದೇ ಜಾತಿಯ ಫ್ಲ್ಯಾಶ್ ಮೆಮೊರಿ ಎಂಬುದು ಆಗ ಹೊಳೆಯಲಿಲ್ಲ.

ಮೊದಲ ಎರಡು ಡ್ರೈವುಗಳು ಹೋದಾಗ ನಾನೂ ನಿಮ್ಮಂತೆಯೇ ಕಂಪನಿಯನ್ನು ಬೈದು ಬೇರೆ ಕಂಪನಿಯದನ್ನು ತಂದೆ. ಮೂರನೆಯದು ಹೋದಾಗ ಪರಿಸ್ಥಿತಿ ಬೇರೆಯಿತ್ತು. ನಮಗೆ ಬ್ಯಾಂಡ್‌ವಿಡ್ತ್ ಕೊಡುತ್ತಿದ್ದ ದೊಡ್ಡ ಸಂಸ್ಥೆಯ ಲಿಂಕು ಬೆಳಗಿನ ಹೊತ್ತು ಬಿದ್ದು ಬಿದ್ದು ಏಳುತ್ತಿತ್ತು. ಗೂಡಿನ ಮಾರುಕಟ್ಟೆಯ ಹರಾಜಿನ ವೇಳೆಗೆ ಸರಿಯಾಗಿ ರೀಲರ್‌ಗಳು ಫೋನ್ ಮಾಡಿ, "ಏನ್ ಸಾರ್, ಹರಾಜು ಟೈಮಲ್ಲೇ ನೆಟ್ ಕೈ ಕೊಡ್ತದಲ್ಲ" ಎನ್ನುತ್ತಿದ್ದರು. ಲಿಂಕು ಇಂತಿಷ್ಟು ಹೊತ್ತಿಗಿಂತ ಹೆಚ್ಚು ಬಿದ್ದರೆ ಬಿಲ್ಲಿನಲ್ಲಿ ಕಡಿತ ಎಂದು ಕರಾರಿನಲ್ಲಿತ್ತು. ಅದನ್ನು ತೋರಿಸಿಕೊಡಲು ನಮ್ಮ ಬಳಿ ಇದ್ದ ಒಂದೇ ಪುರಾವೆಯೆಂದರೆ, ಲಿಂಕು ಬದುಕಿದೆಯೇ ಎಂದು ಕೇಳುವ ಪಿಂಗ್ ಪರೀಕ್ಷೆಯ ಫಲಿತಾಂಶವನ್ನು ನಿಮಿಷಕ್ಕೊಂದು ಸಾಲಿನಂತೆ ಬರೆದಿಡುತ್ತಿದ್ದ ಒಂದು ಕಡತ. ಅದೂ ಆ ಪೆನ್ ಡ್ರೈವಿನಲ್ಲೇ ಇತ್ತು.

ಒಂದು ಬೆಳಿಗ್ಗೆ ಗ್ರಾಫುಗಳೆಲ್ಲ ನಡುರಾತ್ರಿಗೆ ಕತ್ತರಿಸಿದಂತೆ ನಿಂತಿದ್ದವು. ಲಾಗಿನ್ ಆಗಿ ನೋಡಿದರೆ ಡ್ರೈವು ರೀಡ್-ಓನ್ಲಿ ಆಗಿತ್ತು. ಕಡತಗಳು ಕಾಣುತ್ತಿದ್ದವು, ತೆರೆದರೆ ತೆರೆಯುತ್ತಿದ್ದವು, ಬರೆಯಲು ಮಾತ್ರ ಬರುತ್ತಿರಲಿಲ್ಲ. ನಾನು ಮಾಡಿದ ತಪ್ಪು ಇಲ್ಲಿದೆ, ಇದನ್ನು ಬಿಡಿಸಿಯೇ ಹೇಳುತ್ತೇನೆ. ಡ್ರೈವನ್ನು ಕಿತ್ತು, ಲ್ಯಾಪ್‌ಟಾಪಿಗೆ ಚುಚ್ಚಿ, ಪ್ರತಿ ತೆಗೆಯದೆ ನೇರವಾಗಿ ಅದರ ಮೇಲೆಯೇ ಎಫ್‌ಎಸ್‌ಸಿಕೆ (fsck) ಎಂಬ ಲಿನಕ್ಸಿನ ರಿಪೇರಿ ಆದೇಶ ಓಡಿಸಿದೆ. ಅದು ಕೇಳುವ ಪ್ರತಿಯೊಂದು ಪ್ರಶ್ನೆಗೂ 'ಹೌದು' ಎಂದು ತಾನೇ ಉತ್ತರಿಸಿಕೊಳ್ಳುವ ಆಯ್ಕೆಯನ್ನೂ ಕೊಟ್ಟಿದ್ದೆ. ಪರದೆಯ ಮೇಲೆ ಸಾಲುಗಳು ಸರಸರನೆ ಓಡಿದವು, ರಿಪೇರಿ ಆಗುತ್ತಿದೆ ಎಂದುಕೊಂಡು ಕಾಫಿ ತರಲು ಕೆಳಗಿಳಿದೆ.

ಎಫ್‌ಎಸ್‌ಸಿಕೆ ಮಾಡುವ ಕೆಲಸ ಕಡತ ವ್ಯವಸ್ಥೆಯ ಲೆಕ್ಕ ತಾಳೆ ಮಾಡುವುದು, ನಮ್ಮ ದತ್ತಾಂಶ ಉಳಿಸುವುದಲ್ಲ. ತಾಳೆಯಾಗದ್ದನ್ನು ಅದು ಕಿತ್ತುಹಾಕುತ್ತದೆ ಅಥವಾ ಮೂಲೆಗೆ ತಳ್ಳುತ್ತದೆ. ಡ್ರೈವು ಆರೋಗ್ಯವಾಗಿದ್ದು, ಕರೆಂಟ್ ಹೋದದ್ದರಿಂದ ಮಾತ್ರ ಲೆಕ್ಕ ತಪ್ಪಿದ್ದರೆ ಇದು ಸರಿಯಾದ ಮದ್ದೇ. ಆದರೆ ಸಾಯುತ್ತಿರುವ ಫ್ಲ್ಯಾಶು ಓದುವಾಗಲೇ ಕಸ ಕೊಡಬಹುದು. ಆಗ ಎಫ್‌ಎಸ್‌ಸಿಕೆ ಆ ಕಸವನ್ನೇ ನಿಜವೆಂದು ನಂಬಿ, ಉಳಿದ ಒಳ್ಳೆಯ ಭಾಗವನ್ನೂ ಅದಕ್ಕೆ ಹೊಂದುವಂತೆ ತಿದ್ದುತ್ತದೆ, ಮತ್ತು ಆ ತಿದ್ದುಪಡಿಯನ್ನು ಬರೆಯಲಾಗದ ಡ್ರೈವಿನ ಮೇಲೆಯೇ ಬರೆಯಲು ಹೊರಡುತ್ತದೆ. ಇನ್ನಷ್ಟು ಕೆಡದಿರಲಿ ಎಂದೇ ಲಿನಕ್ಸ್ ಬರವಣಿಗೆಯನ್ನು ನಿಲ್ಲಿಸಿತ್ತು. ಅದು ಮುಚ್ಚಿದ್ದ ಬಾಗಿಲನ್ನು ನಾನು ಒದ್ದು ತೆರೆದೆ.

ಕಾಫಿ ಹಿಡಿದು ಮೇಲೆ ಬಂದಾಗ 'ಲಾಸ್ಟ್+ಫೌಂಡ್' ಫೋಲ್ಡರಿನಲ್ಲಿ ಹೆಸರಿಲ್ಲದ, ಬರೀ ಸಂಖ್ಯೆಗಳಿದ್ದ ನೂರಾರು ಕಡತಗಳು ಬಿದ್ದಿದ್ದವು. ಗ್ರಾಫಿನ ಕಡತಗಳನ್ನು ತೆರೆದರೆ ಒಳಗೆ ಒಳಹರಿವು, ಹೊರಹರಿವು ಎಂಬಷ್ಟೇ ಇತ್ತು. ಯಾವ ಸ್ವಿಚ್ಚು, ಯಾವ ಪೋರ್ಟು ಎಂಬುದು ಕಡತದ ಹೆಸರಿನಲ್ಲಿ ಮಾತ್ರ ಇದ್ದುದು, ಆ ಹೆಸರೇ ಹೋಗಿತ್ತು. ಎಲ್ಲಕ್ಕಿಂತ ಎತ್ತರದ ಗ್ರಾಫು ನಮ್ಮ ಮುಖ್ಯ ಲಿಂಕಿನದೇ ಎಂದು ನನಗೆ ಗೊತ್ತಿತ್ತು, ಎದುರು ಪಕ್ಷದವರು ಅದನ್ನೇಕೆ ಒಪ್ಪುತ್ತಾರೆ? ಪಿಂಗ್ ಕಡತದ ಹಳೆಯ ಭಾಗ ಸಿಕ್ಕಿತು. ಜಗಳವಿದ್ದ ತಿಂಗಳಿನದು ಸಿಗಲಿಲ್ಲ. ಇನ್ನೊಮ್ಮೆ ಪ್ರಯತ್ನಿಸೋಣವೆಂದು ಡ್ರೈವನ್ನು ತೆಗೆದು ಮತ್ತೆ ಚುಚ್ಚಿದರೆ ಅದರ ಗಾತ್ರ ಸೊನ್ನೆ ಎಂದು ತೋರಿಸಿತು. ಪೂರ್ತಿ ಬಿಲ್ ಕಟ್ಟಿದೆವು.

ಆಮೇಲೆ, ಮೊದಲೇ ಓದಬೇಕಾಗಿದ್ದ ಕರ್ನೆಲ್ (ಲಿನಕ್ಸಿನ ತಿರುಳು) ಸಂದೇಶಗಳನ್ನು ಕುಳಿತು ಓದಿದೆ. ಡ್ರೈವು ಸಾಯುವುದಕ್ಕೆ ವಾರಗಳ ಮುಂಚಿನಿಂದಲೂ ಯುಎಸ್‌ಬಿ ಸಾಧನ ರೀಸೆಟ್ ಆಯಿತು, ಸಂಪರ್ಕ ತಪ್ಪಿತು, ಮತ್ತೆ ಸಿಕ್ಕಿತು ಎಂಬ ಸಾಲುಗಳಿದ್ದವು. ಪೈಗೆ ನಾನು ಹಾಕಿದ್ದುದು ಹಳೆಯ ಮೊಬೈಲ್ ಚಾರ್ಜರು ಮತ್ತು ಸಣಕಲು ಕೇಬಲ್. ಪೈ ತನಗೆ ಬರುವ ವೋಲ್ಟೇಜು ಸುಮಾರು 4.63 ವೋಲ್ಟಿಗಿಂತ ಕೆಳಗಿಳಿದರೆ ಗುರುತು ಹಾಕಿಕೊಳ್ಳುತ್ತದೆ. ಆ ಗುರುತನ್ನು ತೋರಿಸುವ 'ಗೆಟ್ ಥ್ರಾಟಲ್ಡ್' (vcgencmd get_throttled) ಆದೇಶಕ್ಕೆ ಸೊನ್ನೆ ಬಿಟ್ಟು ಬೇರೆ ಉತ್ತರ ಬಂದು, ಅದರಲ್ಲಿ ಕಡಿಮೆ ವೋಲ್ಟೇಜಿನ ಗುರುತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಅಡಾಪ್ಟರನ್ನು. ನನ್ನ ಮೊದಲ ಎರಡು ಡ್ರೈವುಗಳನ್ನು ಲ್ಯಾಪ್‌ಟಾಪಿನಲ್ಲಿ ಎಫ್3 ಎಂಬ ತಂತ್ರಾಂಶದಿಂದ ತುಂಬಿಸಿ, ಮತ್ತೆ ಓದಿಸಿ ನೋಡಿದೆ. ಒಂದು ಚೆನ್ನಾಗಿಯೇ ಇತ್ತು! ಇನ್ನೊಂದು ಪ್ರತಿ ಸಲವೂ ಒಂದೇ ಜಾಗದಲ್ಲಿ ತಪ್ಪುತ್ತಿತ್ತು, ಅದು ನಿಜವಾಗಿ ಸವೆದದ್ದು. ಈ ವ್ಯತ್ಯಾಸವನ್ನು ನೀವೂ ಮೊದಲು ಹಿಡಿಯಬೇಕು. ರೀಸೆಟ್ ಸಾಲುಗಳಿದ್ದು ಬೇರೆ ಕಂಪ್ಯೂಟರಿನಲ್ಲಿ ಡ್ರೈವು ಪಾಸಾದರೆ ದೋಷ ವಿದ್ಯುತ್ತಿನದು, ನೀವು ಎಸೆದ ಡ್ರೈವು ನಿರಪರಾಧಿ.

ಸವೆಯುವುದಕ್ಕೂ ಕಾರಣವಿದೆ. ಮುನ್ನೂರು ಪೋರ್ಟು, ದಿನಕ್ಕೆ 288 ಸಲ, ಎಂದರೆ ದಿನಕ್ಕೆ 86,400 ಬರವಣಿಗೆ. ಸೆಕೆಂಡಿಗೆ ಒಂದರಂತೆ, ಹಗಲೂ ಇರುಳೂ. ಒಂದೊಂದರಲ್ಲೂ ಬದಲಾಗುವುದು ಕೆಲವೇ ಬೈಟುಗಳು, ಆದರೆ ಫ್ಲ್ಯಾಶಿನಲ್ಲಿ ಅಷ್ಟನ್ನೇ ತಿದ್ದಲು ಬರುವುದಿಲ್ಲ. ಅಳಿಸಬೇಕಾದರೆ ದೊಡ್ಡ ಬ್ಲಾಕನ್ನೇ ಅಳಿಸಬೇಕು, ಮತ್ತು ಪ್ರತಿ ಬ್ಲಾಕಿಗೂ ಅಳಿಸುವಿಕೆಯ ಮಿತಿಯಿದೆ. ಸವೆತವನ್ನು ಎಲ್ಲ ಬ್ಲಾಕುಗಳಿಗೂ ಹಂಚುವ ಕೆಲಸವನ್ನು ಎಸ್‌ಎಸ್‌ಡಿಯ (ಹಾರ್ಡ್ ಡಿಸ್ಕಿನ ಜಾಗದಲ್ಲಿ ಬಳಸುವ ಫ್ಲ್ಯಾಶ್ ಡ್ರೈವಿನ) ನಿಯಂತ್ರಕ ಚೆನ್ನಾಗಿ ಮಾಡುತ್ತದೆ, ಅಗ್ಗದ ಪೆನ್ ಡ್ರೈವಿನದರಿಂದ ಅದನ್ನು ನಿರೀಕ್ಷಿಸಬಾರದು. ಪೆನ್ ಡ್ರೈವು ಇರುವುದು ಮದುವೆ ಫೋಟೋ ಒಯ್ಯಲಿಕ್ಕೆ. ಆದ್ದರಿಂದ ಯಾವ ಕಂಪನಿಯದು ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನಾಲ್ಕನೆಯದನ್ನು ಕೊಳ್ಳಬೇಡಿ.

ಆ ದುಡ್ಡಿನಲ್ಲಿ ಮೊದಲು ಪೈಗೆಂದೇ ಮಾಡಿದ ಅಡಾಪ್ಟರ್ ತನ್ನಿ. ನಿಮ್ಮದು ಪೈ 4 ಆದ್ದರಿಂದ 5.1 ವೋಲ್ಟ್, 3 ಆಂಪಿಯರಿನದು ಬೇಕು. ಅನಂತರ ಗ್ರಾಫಿನ ಕಡತಗಳಿಗೆ ಬರೆಯುವುದನ್ನು ತಡೆದು ಒಟ್ಟುಗೂಡಿಸುವ ಆರ್‌ಆರ್‌ಡಿ-ಕ್ಯಾಶ್ಡ್ (rrdcached) ತಂತ್ರಾಂಶ ಹಾಕಿ, ಅಂಕಿಗಳನ್ನು ಒಂದು ಗಂಟೆ ಮೆಮೊರಿಯಲ್ಲೇ ಹಿಡಿದಿಟ್ಟು ಒಟ್ಟಿಗೆ ಬರೆಯುವಂತೆ ಹೊಂದಿಸಿ. ಹನ್ನೆರಡು ಬರವಣಿಗೆಗಳ ಜಾಗದಲ್ಲಿ ಒಂದೇ ಆಗುತ್ತದೆ. ಆದರೆ ಅದರ ಜರ್ನಲನ್ನು, ಎಂದರೆ ಕರೆಂಟ್ ಹೋದರೂ ಅಂಕಿಗಳು ಉಳಿಯಲೆಂದು ಅದು ಬರೆದಿಡುವ ದಾಖಲೆಯನ್ನು, ಅದೇ ಡ್ರೈವಿನಲ್ಲಿ ಇಟ್ಟರೆ ಪ್ರತಿ ಅಂಕಿಯೂ ಮತ್ತೆ ಅಲ್ಲಿಗೇ ಹೋಗಿ ಬೀಳುತ್ತದೆ. ನಾನು ಅದನ್ನೂ ಮಾಡಿ ನೋಡಿದವನು. ಜರ್ನಲ್ ಇಲ್ಲದಿದ್ದರೆ ಕರೆಂಟ್ ಹೋದಾಗ ಒಂದು ಗಂಟೆಯ ಗ್ರಾಫು ಹೋಗುತ್ತದೆ, ಹೋಗಲಿ. ಪಿಂಗ್ ದಾಖಲೆಯಂಥ ಮುಖ್ಯವಾದದ್ದನ್ನು ಮಾತ್ರ ಸಿಸ್‌ಲಾಗ್ (ದಾಖಲೆಯ ಸಾಲುಗಳನ್ನು ನೆಟ್‌ವರ್ಕಿನಲ್ಲಿ ಕಳುಹಿಸುವ ವ್ಯವಸ್ಥೆ) ಮೂಲಕ ಆಗಿಂದಾಗ್ಗೆ ಆಫೀಸಿನ ಇನ್ನೊಂದು ಕಂಪ್ಯೂಟರಿಗೆ ಕಳುಹಿಸಿ. ಸ್ಥಳೀಯವಾಗಿ ಬರೆಯಲೇಬೇಕೆಂದರೆ ಸಣ್ಣ ಎಸ್‌ಎಸ್‌ಡಿ ಇರಲಿ, ಅದನ್ನು ಸ್ವಂತ ವಿದ್ಯುತ್ ಇರುವ ಹಬ್‌ಗೆ ಜೋಡಿಸಿ, ಏಕೆಂದರೆ ಪೈನ ನಾಲ್ಕೂ ಯುಎಸ್‌ಬಿ ಕಿಂಡಿಗಳಿಗೆ ಸೇರಿ ಸಿಗುವುದು 1.2 ಆಂಪಿಯರ್ ಅಷ್ಟೇ.

ನಿಮ್ಮ ಮೂರನೆಯ ಡ್ರೈವು ಈಗಲೂ ಪೈನಲ್ಲೇ ಇದ್ದು ರೀಡ್-ಓನ್ಲಿ ತೋರಿಸುತ್ತಿದೆ ಎಂದು ಬರೆದಿದ್ದೀರಿ. ಅದನ್ನು ಕೀಳಬೇಡಿ, ರೀಸ್ಟಾರ್ಟ್ ಕೂಡ ಮಾಡಬೇಡಿ. ಇದ್ದಲ್ಲಿಯೇ ಇಟ್ಟು, ಬೇಕಾದ ಕಡತಗಳನ್ನು ಈಗಲೇ ನೆಟ್‌ವರ್ಕ್ ಮೂಲಕ ಬೇರೆ ಕಂಪ್ಯೂಟರಿಗೆ ನಕಲು ಮಾಡಿಕೊಳ್ಳಿ. ಆಮೇಲೆ ಕೆಡುತ್ತಿರುವ ಡ್ರೈವಿನಿಂದ ಓದಲಾದಷ್ಟನ್ನು ನಕಲಿಸುವ ಡಿಡಿ-ರೆಸ್ಕ್ಯೂ (ddrescue) ಬಳಸಿ ಇಡೀ ಡ್ರೈವಿನ ಪ್ರತಿ ತೆಗೆಯಿರಿ. ಎಫ್‌ಎಸ್‌ಸಿಕೆ ಓಡಿಸುವುದಿದ್ದರೆ ಆ ಪ್ರತಿಯ ಮೇಲೆ ಓಡಿಸಿ.